ವಿರುದ್ಧ ಸರ್ಕಾರ

ಸೇಡಂ ಕೋರ್ಟಿನ ಹಿಂದ, ಬೇವಿನ ಗಿಡದ ಬುಡಕ
ಪರಸಿಕಲ್ಲಿನ ಕಟ್ಟಿ ಮ್ಯಾಲ ನನ್ನ ಟೈಪ್ ಮಷೀನು.
‘ರ’ ಅಕ್ಷರ ಸವದು ಹೋಗ್ಯದ.
‘ಸರ್ಕಾ’ ಅಂತ ಹೊಡದು ನಿಂತುಬಿಡ್ತದ,
ಉಳದಿದ್ದು ನಾ ಪೆನ್ನಿಲೆ ತುಂಬಬೇಕು.
‘ಬಿಡು ಲಾಡ್ಲೇಸಾಬ,’ ಅಂತಿದ್ರು ನಮ್ಮ ವಕೀಲ್ರು,
‘ಅರ್ಧಮರ್ಧ ಸರ್ಕಾರಕ್ಕ ಪೂರಾ ಅಕ್ಷರ ಯಾಕ?’

ನಾಗೀಂದ್ರಪ್ಪ ಊಡಗಿ, ಬಿ.ಎ., ಎಲ್‌ಎಲ್.ಬಿ.
ಕಲಬುರಗಿ ಸೂಪರ್ ಮಾರ್ಕೆಟ್‌ನಾಗ ಕೊಂಡ ಹಳೀ ಕರೀ ಕೋಟು,
ಒಳಕಿಸೇದಾಗ ಮೊದಲಿನವನ ಹೆಸರು ಹೊಲದಿತ್ತು,
ಯಾರೋ ಆರ್. ಜಿ. ಮಣೂರ. ಬಿಚ್ಚಲಿಲ್ಲ.
ಸೋತ ಕೇಸೆಲ್ಲಾ ಅವನ ಖಾತೇಕ್ಕ.

ಮೊದಲ ಪಕ್ಷಗಾರ್ತಿ ಮೊಗಲಮ್ಮ.
ಸುಣ್ಣಕಲ್ಲಿನ ಖಣಿಗೆ ಹಾದಿ ಬೇಕಂತ
ನಾಕೆಕರೆ ತೊಗರಿ ಹೊಲ ಬರಕೊಂಡಿದ್ರು,
ಎಕರೆಗೆ ಹನ್ನೊಂದು ನೂರು.
ಫೀಸಂತ ಆಕಿ ತಂದಿದ್ದು
ಸೆರಗಿನಾಗ ಎರಡು ಪಡಿ ಬ್ಯಾಳಿ.
ಹಾಳಿ ಮ್ಯಾಲ ಬೆಳ್ಳಿಟ್ಟು ಕೇಳಿದ್ಳು:
‘ಇಲ್ಲಿ ನನ್ನ ಹೆಸರದ ಅಂತೀರಿ. ಖರೆ.
ಈ ಸರ್ಕಾರ ಅನ್ನಾಂವ ಯಾಂವ?
ಒಮ್ಮೆ ಮಾರಿ ತೋರಸ್ರಿ, ಮಾತಾಡ್ತೀನಿ.’

ತಹಸೀಲ್ದಾರಗ ಪಾಟೀಸವಾಲು ಆದ ದಿನ
ಕೋರ್ಟಿನ ಕಿಟಕ್ಯಾಗೆಲ್ಲಾ ಮಂದಿ ಮಾರಿ.
‘ಹೊಲ ಅಳದ ಸರಪಳಿ ಎಷ್ಟು ಕೊಂಡಿದು, ಸಾಹೇಬ್ರ?’
ಅಷ್ಟೇ ಕೇಳಿದ್ರು. ಮತ್ತ ಅದನ್ನೇ ಕೇಳಿದ್ರು.
ಮೂರನೇ ಸಲಕ್ಕ ಸಾಹೇಬ್ರು ನೀರು ಬೇಡಿದ್ರು.

ಗೆದ್ದಿವಿ. ಸರ್ಕಾರ ಅಪೀಲು ಹೋತು.
ಅಪೀಲಿನಾಗ ಹನ್ನೆರಡು ವರ್ಷ.
ಆ ಹನ್ನೆರಡರಾಗ ವಕೀಲ್ರು ಸಂಘದ ಅಧ್ಯಕ್ಷರಾದ್ರು,
ಒಂದು ಇಲೆಕ್ಷನ್ ಸೋತ್ರು, ಒಂದು ಗೆದ್ರು,
ಮಗಳ ಮದಿವಿ ಮಾಡಿದ್ರು, ಪಾರ್ಟಿ ಬದಲಿಸಿದ್ರು,
ಒಂದಿನ ಟೀವ್ಯಾಗ ಕೈ ಮುಂದ ಮಾಡಿ ಪ್ರಮಾಣ ಮಾಡಿದ್ರು.
ಹೋಟೆಲಿನ್ಯಾಂವ ಅವತ್ತ ಸುಸಲಾ ಮಿರ್ಚಿ ಪುಕ್ಕಟೆ ಹಂಚಿದ.
ನಾ ಎರಡು ಪ್ಲೇಟು ತಿಂದೆ, ಸುಳ್ಳ್ಯಾಕ ಹೇಳ್ಲಿ.
ಖಾತೆ: ಕಂದಾಯ.

ಐ.ಬಿ.ಗೆ ಬಂದಾಗ ಮೊಗಲಮ್ಮನ್ನ ಕರಕೊಂಡು ಹೋಗಿದ್ದೆ.
ಗದ್ದಲದಾಗ ಒಳಗ ಬಿಡ್ಲಿಲ್ಲ. ಕಿಟಕ್ಯಾಗ ನಿಂತು ನೋಡಿದ್ಳು,
ಕಣ್ಣಿಗೆ ಕೈ ಅಡ್ಡ ಹಿಡದು,
ಹತ್ತಿಗೆ ಹುಳ ಬಿದ್ದದೇನಂತ ನೋಡಿದಂಗ.
ಹಾದ್ಯಾಗ ಹೇಳಿದ್ಳು: ‘ಸರ್ಕಾರದ ಮಾರಿ
ಇವತ್ತ ಕಂಡ್ತು ನೋಡು ಸಾಬ.
ಚಲೋ ಮಾರಿನೇ ಅದ. ಜರಾ ಬಾತದ, ಅಷ್ಟೇ.’

ಕಲಬುರಗಿ ಪೀಠದಾಗೂ ಆಕೀನೇ ಗೆದ್ಳು.
ದಿಲ್ಲಿಗೆ ಅಪೀಲು ಹಾಕ್ಬೇಕಂತ ಫೈಲು ಮ್ಯಾಲ ಹೋತು.
ನಕಲು ನನ್ನ ಕೈಗೆ ಬಂತು. ಕೆಳಗ
‘ಅನುಮೋದಿಸಿದೆ.’ ಅದರ ಕೆಳಗ ಸಹಿ.
ಊಡಗಿ ಅನ್ನೋದರ ಕಡೀ ಗುಡಿಸು
ಗಾಳಿಪಟದ ಬಾಲದಂಗ ಮ್ಯಾಲೇರ್ತದ,
ಸಾವಿರ ವಕಾಲತನಾಮೆದಾಗ ನೋಡೀನಿ ನಾ ಅದನ್ನ.
ನೂರು ಫೈಲಿನಾಗ ಅದೂ ಒಂದಿರಬೇಕು,
ಹೆಸರು ಓದಿರ್ಲಿಕ್ಕಿಲ್ಲ.
ಓದಿದ್ರ?
ಮೊಗಲಮ್ಮಗ ಹೇಳ್ಲಿಲ್ಲ. ತಾರೀಖು ಅದ ಅಂದೆ.
ತಾರೀಖಿಗೆ ಆಕಿ ಒಗ್ಗಿದ್ಳು.

ಈ ಸಲ ಸೋತ್ರು. ಠೇವಣಿ ಉಳೀತು.
ನಿನ್ನೆ ಮುಂಜಾನೆ ಗನ್‌ಮ್ಯಾನಿಲ್ಲ, ಕಾರಿಲ್ಲ,
ಅದೇ ಕೋಟು, ಗುಂಡಿ ಕೂಡಲ್ದು,
ಬಂದು ಪರಸಿ ಮ್ಯಾಲ ಕುಂತ್ರು, ಧೂಳು ಸೈತ ಜಾಡಿಸಲಿಲ್ಲ.
ಮೊಗಲಮ್ಮನ ಮೊಮ್ಮಗಳು ಸಾಬಮ್ಮ ಅಲ್ಲೇ ಇದ್ಳು
ಚೀಲದಾಗ ಮರಣ ಪತ್ರ ಹಿಡಕೊಂಡು.
ವಾರಸುದಾರರ ಹೆಸರು ಸೇರಸಬೇಕಾಗಿತ್ತು.
ವಕೀಲ್ರು ಪತ್ರ ಇಸಗೊಂಡು ಓದಿದ್ರು. ಭಾಳ ಹೊತ್ತು ಓದಿದ್ರು.
ನಾಕೇ ಸಾಲದಾವ ಅದರಾಗ.

‘ಈ ಕೇಸಿನಾಗ ನಾ ನಿಲ್ಲಂಗಿಲ್ಲ, ಲಾಡ್ಲೇಸಾಬ.
ನನ್ನ ಹೆಸರು ಹಾಕ್ಬ್ಯಾಡ. ನಾ ಹೇಳ್ತೀನಿ, ನೀ ಹೊಡಿ.’
ಹೊಡದೆ. ದನಿ ಅದೇ ಇತ್ತು,
ಅಲ್ಪವಿರಾಮಕ್ಕ ಬೆರಳು ಎತ್ತೋದೂ.
ಮುಗದ ಮ್ಯಾಲ ಹಾಳಿ ಜಗ್ಗಿಕೊಂಡು
ನನ್ನ ಕಿಸೇದಾಗಿನ ಪೆನ್ನು ತಗೊಂಡ್ರು.
ಚ್ಯಾಷ್ಟಿ ಮಾಡ್ತಾರಂತ ಕಾದೆ.
ಮಾಡ್ಲಿಲ್ಲ.

ಖಾಲಿ ಬಿದ್ದ ಜಾಗಕ್ಕೆಲ್ಲಾ
ಒಂದೊಂದೇ ‘ರ’ ತುಂಬ್ಲಕತ್ರು,
ಸಾಲಿ ಹುಡುಗನಂಗ ಬಗ್ಗಿ,
‘ಸರ್ಕಾ’ದ ಹತ್ರ ಬಂದಾಗ
ಪೆನ್ನು ಝಾಡಿಸಿದ್ರು. ಶಾಹಿ ಇಳೀಲಿಲ್ಲ.
ಸಾಬಮ್ಮ ತನ್ನ ಪೆನ್ನು ಮುಂದ ಹಿಡದ್ಳು.